ಹೆಣಕ್ಕೊಂದು ಮಾತು

ವೆಂಡೆಲ್ ಕ್ರುಪ್ಕಾನಿಗಿದ್ದ ಒಂದೇ ಒಂದು ಮಾತನ್ನು ನಿರ್ದೇಶಕರು ಬೆಳಗಿನ ಕಾಫಿ ಕುಡಿಯುತ್ತ ಹೊಡೆದುಹಾಕಿದರು.

ಹಾಲಿವುಡ್‌ನಲ್ಲಿ ಹತ್ತೊಂಬತ್ತು ವರ್ಷ ಹೆಣವಾಗಿ ದುಡಿದವನು ವೆಂಡೆಲ್. ಯುದ್ಧದ ಚಿತ್ರಗಳಲ್ಲಿ ಕಂದಕದಲ್ಲಿ ಸತ್ತಿದ್ದ, ಪತ್ತೇದಾರಿ ಚಿತ್ರಗಳಲ್ಲಿ ಸ್ನಾನದ ತೊಟ್ಟಿಯಲ್ಲಿ ಸತ್ತಿದ್ದ. ಹಡಗು ಮುಳುಗುವ ಒಂದು ಚಿತ್ರದಲ್ಲಂತೂ ಕೋಟು ಬದಲಿಸಿಕೊಂಡು ಮೂರು ಸಲ ತೇಲಿದ್ದ. ಉಸಿರು ಬಿಗಿಹಿಡಿಯುವುದರಲ್ಲಿ ಅವನ ಸಮಕ್ಕೆ ಯಾರೂ ಇರಲಿಲ್ಲ. ಆದರೆ ತೆರೆಯ ಮೇಲೆ ಅವನ ದನಿಯನ್ನು ಈವರೆಗೆ ಒಂದು ನರಪಿಳ್ಳೆಯೂ ಕೇಳಿರಲಿಲ್ಲ.

ಈ ಸಲ ಕೇಳಬೇಕಿತ್ತು. ಕುರುಡ ಪಿಯಾನೋ ವಾದಕ ಮಗ, ಗಣಿಯಲ್ಲಿ ದುಡಿದ ಅಪ್ಪ, ಇಬ್ಬರಿಗೂ ಇಪ್ಪತ್ತು ವರ್ಷದ ಮುನಿಸು, ಕೊನೆಗೆ ಹಿಮ ಬೀಳುವಾಗ ಸಾವು. ಪ್ರಶಸ್ತಿಗೆಂದೇ ಹೆತ್ತ ಚಿತ್ರ ಅದು. ಅಪ್ಪನಾದ ವೆಂಡೆಲ್ ಪ್ರಾಣ ಬಿಡುವ ಮುನ್ನ ‘ಬಾಗಿಲು ಹಾಕು ಮಗನೆ’ ಎನ್ನಬೇಕಿತ್ತು. ಬೇಕರ್ಸ್‌ಫೀಲ್ಡ್‌ನಲ್ಲಿದ್ದ ಎಂಬತ್ನಾಲ್ಕರ ತಾಯಿ ಇದನ್ನು ಬೀದಿಗೆಲ್ಲ ಸಾರಿದ್ದಳು. “ನಾನು ಕಣ್ಣು ಮುಚ್ಚೋದರೊಳಗೆ ನೀನು ಸಿನಿಮಾದಲ್ಲಿ ಬಾಯಿ ತೆಗೆಯೋದನ್ನ ಒಂದ್ಸಲ ನೋಡ್ಬೇಕು ಕಣೋ” ಎಂದಿದ್ದಳು.

“ಮಾತಾಡೋ ಅಪ್ಪಂದಿರ ಕಾಲ ಹೋದ ವರ್ಷಕ್ಕೇ ಮುಗೀತು ಕಣಯ್ಯಾ. ಈಗ ಮೌನಕ್ಕೇ ಪ್ರಶಸ್ತಿ” ಎಂದರು ನಿರ್ದೇಶಕ ಥೇಡಿಯಸ್ ವೇನ್. ವೆಂಡೆಲ್ ತೆಪ್ಪಗೆ ಹೋಗಿ ಶವಪೆಟ್ಟಿಗೆಯಲ್ಲಿ ಮಲಗಿದ.

ಪೆಟ್ಟಿಗೆಯ ಪಕ್ಕದಲ್ಲಿ ಡೊರೀನ್ ನಿಂತಿದ್ದಳು. ಸಿನಿಮಾದ ಸಾವಿನ ಮನೆಗಳಿಗೆಲ್ಲ ಕರಿ ಟೋಪಿ ಹಾಕಿಕೊಂಡು ಹೋಗಿ ನಿಲ್ಲುವುದೇ ಅವಳ ಉದ್ಯೋಗ, ಕಂಡವರಿಗೆಲ್ಲ ಬುದ್ಧಿ ಹೇಳುವುದು ಹವ್ಯಾಸ.

“ಎಷ್ಟು ವರ್ಷ ಅಂತ ಹೀಗೆ ಬಿದ್ಕೊಂಡಿರ್ತೀಯ ಮಾರಾಯ? ಏನಾದ್ರೂ ಮಾಡು. ಒಂದು ಬೆರಳಾದ್ರೂ ಅಲ್ಲಾಡ್ಸು.”

“ಹೆಣ ಬೆರಳು ಅಲ್ಲಾಡಿಸಿದ್ರೆ ಮನೆಗೆ ಕಳಿಸ್ತಾರೆ ಕಣೇ.”

“ಈಗೇನು ನಿನ್ನ ಮೆರವಣಿಗೆ ಮಾಡ್ತಿದ್ದಾರಾ?”

ಮಗನ ಪಾತ್ರದ ಗಿಡಿಯನ್ ಸ್ಟ್ರೌಡ್ ದೊಡ್ಡ ತಾರೆ. ಅವನಿಗೆ ಅಳು ಮಾತ್ರ ಬರಲೊಲ್ಲದು. ಗ್ಲಿಸರಿನ್ ಹಾಕಿದರು, ಈರುಳ್ಳಿ ಹೆಚ್ಚಿದರು, ಚಿಕ್ಕಂದಿನಲ್ಲಿ ಸತ್ತ ನಾಯಿಯನ್ನು ನೆನಪಿಸಿದರು. ನಾಯಿ ಸತ್ತಿಲ್ಲ, ಓಡಿಹೋಗಿತ್ತು ಎಂದು ಅವನು ರೇಗಿದ. ಹನ್ನೊಂದು ಟೇಕ್ ಮಣ್ಣುಪಾಲಾದವು.

ಹನ್ನೆರಡನೆಯದರಲ್ಲಿ ಗಿಡಿಯನ್ ಪೆಟ್ಟಿಗೆಯ ಮೇಲೆ ಬಾಗಿ, ದಿನಸಿ ಪಟ್ಟಿ ಓದುವವನಂತೆ, “ಅಪ್ಪಾ, ಜೀವನಪೂರ್ತಿ ಸುಮ್ಮನಿದ್ದೆ. ಒಂದು ಮಾತಾದರೂ ಆಡಬಾರದಿತ್ತಾ?” ಎಂದ.

ವೆಂಡೆಲ್‌ನ ಎದೆಗೆ ಅದು ನಾಟಿತು. ಹತ್ತೊಂಬತ್ತು ವರ್ಷ! ಚಿತ್ರಮಂದಿರದ ಮೊದಲ ಸಾಲಿನಲ್ಲಿ, ಇದ್ದುದರಲ್ಲೇ ಒಳ್ಳೆಯ ಉಡುಪು ತೊಟ್ಟು, ಕಿವಿಯ ಯಂತ್ರ ಸರಿಪಡಿಸಿಕೊಳ್ಳುತ್ತ ಕೂತ ಅಮ್ಮ ಕಣ್ಮುಂದೆ ಬಂದಳು. ಮುಚ್ಚಿದ ರೆಪ್ಪೆಯಡಿಯಿಂದ ಒಂದು ಹನಿ ಜಾರಿತು. ತಡೆಯಹೋದ, ಇನ್ನೊಂದು ಜಾರಿತು.

“ಕಟ್! ಹೆಣ ಅಳ್ತಾ ಇದೆ!” ಎಂದು ಸಹಾಯಕ ನಿರ್ದೇಶಕಿ ಪೆಟ್ರಾ ಕಿರುಚಿದಳು.

“ತಪ್ಪಾಯ್ತು ಸಾರ್” ಎನ್ನುತ್ತ ವೆಂಡೆಲ್ ಎದ್ದು ಕೂತ. ಓಡಿಬಂದ ವೇನ್ ಅವನ ಕೆನ್ನೆ ಎರಡನ್ನೂ ಹಿಡಿದುಕೊಂಡರು. “ಅಪ್ಪ ಸತ್ತೇ ಇಲ್ಲ! ಪ್ರಜ್ಞೆ ತಪ್ಪಿದೆ, ಆದ್ರೂ ಎಲ್ಲ ಕೇಳಿಸ್ತಿದೆ! ಯಾರಲ್ಲಿ, ಕತೆ ಬರೆಯೋನನ್ನ ಕರೀರಿ!”

ಊಟದ ಹೊತ್ತಿಗೆ ಹೊಸದಾಗಿ ಬರೆದ ಕತೆಯಲ್ಲಿ ಅಪ್ಪ ಪೆಟ್ಟಿಗೆಯಿಂದ ಆಸ್ಪತ್ರೆಯ ಮಂಚಕ್ಕೆ ಬಂದಿದ್ದ. ಕಣ್ಣು ಬಿಟ್ಟು, ಮಗನ ಕೈ ಹಿಡಿದು, ನಾಲ್ಕು ಪುಟ ಮಾತಾಡುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. “ನಾನು ಹೇಳ್ಲಿಲ್ವಾ!” ಎಂದು ಡೊರೀನ್ ಕಂಡಕಂಡವರ ಮುಂದೆ ಬೀಗಿದಳು.

ವೆಂಡೆಲ್ ಅಮ್ಮನಿಗೆ ಫೋನ್ ಮಾಡಿದ. “ಒಂದು ಮಾತಲ್ಲಮ್ಮ, ನಾಲ್ಕು ಪುಟ!”

ಆ ಕಡೆ ಅಮ್ಮ ಮೂಗೊರೆಸಿಕೊಂಡಳು. “ನಿಮ್ಮಪ್ಪ ಇರ್ಬೇಕಿತ್ತು ಕಣೋ. ಇರು, ಬೀದಿಗೆಲ್ಲ ನಿಂಬೆ ಪೈ ಮಾಡಿ ಹಂಚ್ತೀನಿ.”

ಊಟವಾದ ಮೇಲೆ ವೇನ್ ಅವನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದೊಯ್ದರು.

“ವೆಂಡೆಲ್, ಈ ಪಾತ್ರಾನ ಎಲ್ಲಿಂದ ಎಲ್ಲಿಗೆ ಏರಿಸಿಬಿಟ್ಟೆ ನೋಡು! ಇದಕ್ಕೆ ಪ್ರಶಸ್ತಿ ಖಂಡಿತ. ಅದಕ್ಕೇ ಇಂಥ ಪಾತ್ರಕ್ಕೆ ದೊಡ್ಡ ನಟರೇ ಬೇಕು. ಒಬ್ಬರು ಒಪ್ಕೊಂಡೂ ಆಯ್ತು. ಆರು ಸಲ ಪ್ರಶಸ್ತಿಗೆ ಹೆಸರು ಸೂಚಿಸಿದ್ರೂ ಒಂದ್ಸಲನೂ ಗೆದ್ದಿಲ್ಲ, ಪಾಪ.”

“ಆದ್ರೆ… ಅತ್ತಿದ್ದು ನಾನಲ್ವಾ ಸಾರ್?”

“ಅವರಿಗೆ ಅದನ್ನ ತೋರಿಸ್ತೀವಿ, ನೋಡಿ ಕಲೀತಾರೆ. ನೀನೇನೂ ಬೇಜಾರು ಮಾಡ್ಕೋಬೇಡ, ನಿನ್ನ ಕೆಲಸ ಎಲ್ಲೂ ಹೋಗಿಲ್ಲ. ನಾಲ್ಕು ಪುಟ ಮಾತಾಡಿ ಅಪ್ಪ ನಿಜವಾಗ್ಲೂ ಸಾಯ್ತಾನೆ. ಅವರಿಗೆ ಬೆನ್ನುನೋವು, ಪೆಟ್ಟಿಗೇಲಿ ಮಲಗಲ್ವಂತೆ. ಖಾಲಿ ಪೆಟ್ಟಿಗೆ ಹೊತ್ರೆ ಹೊರೋರ ಮುಖದಲ್ಲಿ ಭಾರ ಕಾಣಲ್ಲ. ತೀರ್ಪುಗಾರರು ಅಂಥದ್ದನ್ನೆಲ್ಲ ಗಮನಿಸ್ತಾರೆ ನೋಡು.”

ಸಂಜೆ ವೆಂಡೆಲ್ ಮತ್ತೆ ಪೆಟ್ಟಿಗೆಯಲ್ಲಿ ಕಾಲು ಚಾಚಿದಾಗ ಜೇಬಿನಲ್ಲಿ ಫೋನ್ ಗುರುಗುಟ್ಟಿತು. ಅಮ್ಮ. ಬೀದಿಯವರೆಲ್ಲ ಸುತ್ತ ಕೂತು ಪೈ ತಿನ್ನುತ್ತಿರಬೇಕು. ಅವನು ಫೋನ್ ಆರಿಸಿ ಕಣ್ಣು ಮುಚ್ಚಿದ. ರೆಪ್ಪೆಯಡಿ ಆಗಲೇ ಉರಿಯುತ್ತಿತ್ತು.

“ಮೇಡಂ, ಮತ್ತೆ ಅತ್ತುಬಿಡ್ತೀನೇನೋ ಅಂತ ಭಯ” ಎಂದ.

“ಅದಕ್ಕೇನಂತೆ, ಧಾರಾಳವಾಗಿ ಅಳಿ” ಎಂದಳು ಪೆಟ್ರಾ. “ಈ ಸಲ ಮುಚ್ಚಳ ಹಾಕಿರ್ತೀವಿ.”