ಪುಟ್ಟಮಲ್ಲಮ್ಮನ ರುಜು

ಎಲ್ಲ ರಾಮಾಯಣಕ್ಕೂ ಕಾರಣ ಬಲಗಾಲಿನ ಕಿರುಬೆರಳು. ಸಕ್ಕರೆ ಕಾಯಿಲೆಯಿಂದ ಅದು ಕಪ್ಪಾಗಿತ್ತು. ಕತ್ತರಿಸಬೇಕೆಂದು ಪಿರಿಯಾಪಟ್ಟಣದ ಒಂದು ನರ್ಸಿಂಗ್ ಹೋಮಿನಲ್ಲಿ ಬೆಳಿಗ್ಗೆಯೇ ತೀರ್ಮಾನವಾಯಿತು. ಬೆರಳಿನ ಒಡತಿ, ಬೆಟ್ಟದಪುರದ ಮುದುಕಿ ಪುಟ್ಟಮಲ್ಲಮ್ಮನನ್ನು ಮಾತ್ರ ಯಾರೂ ಕೇಳಲಿಲ್ಲ.

ಡಾಕ್ಟರು ವಿಷಯ ಹೇಳಿದ್ದು ಅವಳ ಅಕ್ಕನ ಮಗ ಗೌರೀಶನಿಗೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಬೆಂಕಿ ಹಾಕಿ ಬಂದಿದ್ದ ಅವನು ಊರಿಗೆ ಮರಳುವ ಅವಸರದಲ್ಲಿ ನಿಂತಲ್ಲೇ ಕುಣಿಯುತ್ತಿದ್ದ. ನರ್ಸು ಒಪ್ಪಿಗೆ ಕಾಗದ, ಇಂಕ್ ಪ್ಯಾಡು ತಂದು ಮುದುಕಿಯ ಹೆಬ್ಬೆರಳು ಹಿಡಿದಳು.

"ಬುಡವ್ವ ಕೈಯ! ನಂಗೆ ರುಜು ಆಕಕ್ಕೆ ಬತ್ತದೆ. ಸಾಕ್ಷರತೆ ಕ್ಲಾಸಲ್ಲಿ ಕಲ್ತಿವ್ನಿ."

"ಸುಮ್ಕೆ ಒತ್ತು ಚಿಕ್ಕವ್ವ, ಅಲ್ಲಿ ಸೊಪ್ಪೆಲ್ಲ ಸೀದೋಯ್ತದೆ" ಅಂದ ಗೌರೀಶ.

"ಸೊಪ್ಪಿನ್ ಮ್ಯಾಲಿರೋ ಕಾಳಜಿ ನನ್ ಬೆರಳಿನ್ ಮ್ಯಾಲಿಲ್ವಲ್ಲಪ್ಪ. ಏನ್ ಕುಯ್ತಾರೆ, ಎಷ್ಟು ಕುಯ್ತಾರೆ, ನಂಗೂ ಯೋಳ್ಬೇಕಲ್ವಾ?"

ಪಕ್ಕದ ಹಾಸಿಗೆಯ ಚಿಕ್ಕಬಸಮ್ಮ ಸಮಾಧಾನ ಹೇಳಿದಳು: "ನಾನೂ ಎರಡ್ಸಲ ಒತ್ತಿವ್ನಿ ಕಣಕ್ಕ. ಯಾತಕ್ಕಂತ ಇವತ್ಗೂ ಗೊತ್ತಿಲ್ಲ. ಚೆನ್ನಾಗೇ ಇವ್ನಿ."

ವಾರ್ಡಿನವರೆಲ್ಲ ಎದ್ದು ಬಂದು ಆಳಿಗೊಂದು ಬುದ್ಧಿ ಹೇಳಿದರು. ಒಬ್ಬರು ಮುದುಕಿಯ ಕೈ ಹಿಡಿದರು, ಗೌರೀಶ ಪ್ಯಾಡು ಹಿಡಿದ. ಎಳೆದಾಟ ಮುಗಿದಾಗ ಕಾಗದದ ಮೇಲೆ ಬಿದ್ದಿದ್ದು ಗೌರೀಶನ ಹೆಬ್ಬೆಟ್ಟು. ಹಾಗಾದರೆ ಅವನ ಬೆರಳನ್ನೇ ಕುಯ್ಯಬೇಕು ಎಂದು ಯಾರೋ ನಕ್ಕರು.

ಗದ್ದಲ ಕೇಳಿ ಡಾಕ್ಟರು ಬಂದರು. "ತಪ್ಪು ನಮ್ಮದೇ ಅಜ್ಜಿ" ಅಂದವರೇ ಎದುರು ಕೂತು, ಬೆರಳು ಯಾಕೆ ಕಪ್ಪಾಯಿತು, ಬಿಟ್ಟರೇನು, ಕತ್ತರಿಸಿದರೇನು ಎಂದು ಅರ್ಧ ಗಂಟೆ ವಿವರಿಸಿದರು. ಗಂಡ ಹೋದ ಮೇಲೆ ಪುಟ್ಟಮಲ್ಲಮ್ಮನ ಮುಖ ನೋಡಿಕೊಂಡು ಅಷ್ಟು ಹೊತ್ತು ಮಾತಾಡಿದವರೇ ಇರಲಿಲ್ಲ. ಅವಳಿಗೆ ಎಲ್ಲ ಅರ್ಥವಾಗಿತ್ತು, ಒಪ್ಪಿಗೆಯೂ ಇತ್ತು. ಆದರೆ ರುಜು ಹಾಕಿದರೆ ಡಾಕ್ಟರು ಎದ್ದು ಹೋಗುತ್ತಾರಲ್ಲ!

"ಸಂಜಿಕೆ ಇನ್ನೊಂದ್ಸಲ ಯೋಳ್ಬುಡಿ ಸ್ವಾಮಿ, ಆಮ್ಯಾಕೆ ಆಕ್ತೀನಿ" ಅಂದಳು.

"ಆಗಲಿ, ನಿಧಾನವಾಗಿ ಯೋಚನೆ ಮಾಡಿ" ಅಂದರು ಡಾಕ್ಟರು.

ಗೌರೀಶ ಬಸ್ಸು ಹಿಡಿದು ಊರಿಗೆ ಓಡಿದ. ಪುಟ್ಟಮಲ್ಲಮ್ಮ ತಲೆ ಬಾಚಿ, ಸೆರಗು ಸರಿಮಾಡಿಕೊಂಡು, ಗೊತ್ತಿದ್ದುದನ್ನೇ ಮತ್ತೆ ಕೇಳಲು ಏಳೆಂಟು ಪ್ರಶ್ನೆ ಜೋಡಿಸಿಕೊಂಡು ಕಾದಳು.

ಸಂಜೆ ಬಂದದ್ದು ನರ್ಸು. ಕೈಯಲ್ಲಿ ಹೊಸ ಒಪ್ಪಿಗೆ ಕಾಗದ, ಜೊತೆಗೊಂದು ಹಾಳೆ.

"ಡಾಕ್ಟ್ರು ಎಲ್ಲಾ ಇದ್ರಲ್ಲೇ ಬರೆದು ಕೊಟ್ಟವ್ರೆ ಅಜ್ಜಿ. ಬೇರೆಯವ್ರಿಗಾದ್ರೆ ಕೂತ್ಕೊಂಡು ಹೇಳ್ಬೇಕಿತ್ತು. ನಿಮಗೆ ಓದಕ್ಕೆ ಬತ್ತದಲ್ಲ!"

ಅಷ್ಟು ಹೇಳಿ ಅವಳೂ ಹೋದಳು. ಪುಟ್ಟಮಲ್ಲಮ್ಮ ಹಾಳೆಯನ್ನು ಒಂದು ಸಲ ಮನಸ್ಸಿನಲ್ಲೇ, ಒಂದು ಸಲ ಗಟ್ಟಿಯಾಗಿ ಓದಿದಳು. ಚಿಕ್ಕಬಸಮ್ಮ ಆ ಕಡೆ ತಿರುಗಿ ಗೊರಕೆ ಹೊಡೆಯುತ್ತಿದ್ದಳು. ಇನ್ನು ಯಾರಿಗೆ ಕಾಯುವುದು ಎಂದುಕೊಂಡು ಪುಟ್ಟಮಲ್ಲಮ್ಮ ರುಜು ಹಾಕಿದಳು.