ಮೊಳೆ ಸಿಕ್ಕಿದ ಇದ್ದಿಲು

ಕೆಲವರಿಗೆ ಸಿಟ್ಟು ಬೇಗ ಬರುತ್ತದೆ, ಕೆಲವರಿಗೆ ನಿದ್ದೆ. ನನಗೆ ಬೇಗ ಬರುವುದು ಉಪಾಯ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟದ್ದೂ ಅಂಥದೊಂದು ಉಪಾಯವೇ. ಲೆಕ್ಕದ ಮೇಷ್ಟ್ರಿಂದ ಪಾರಾಗಲು ಬೇರೆ ದಾರಿ ಹೊಳೆಯಲಿಲ್ಲ. ಮೊನ್ನೆ ಹೊಳೆದದ್ದರಿಂದ ಮಾತ್ರ ತಮ್ಮನಿಗೆ ಬಂದಿದ್ದ ಸಂಬಂಧವೇ ತಪ್ಪಿಹೋಗುವುದರಲ್ಲಿತ್ತು.

ತಮ್ಮ ಮಂಜ ತಿಪಟೂರಿನಲ್ಲಿ ಸಂಜೆ ಹೊತ್ತು ಬಾರ್ಬೆಕ್ಯೂ ಗಾಡಿ ಹಾಕುತ್ತಾನೆ. ಸುಟ್ಟ ಕೋಳಿಯಿಂದ ಸಂಸಾರ ನಡೆದೀತೇ ಎಂದು ನೋಡಲು ಹೆಣ್ಣಿನ ತಂದೆ ತುರುವೇಕೆರೆಯಿಂದ ಬರುವವರಿದ್ದರು. "ಅಕ್ಕ, ಚಿಪ್ಪಿನ ಇದ್ದಿಲು ತಂದಿಡು" ಎಂದಿದ್ದ ಮಂಜ. ನಮ್ಮೂರಿನಲ್ಲಿ ತೆಂಗಿನ ಚಿಪ್ಪಿಗೇನು ಬರವೇ? ಆದರೆ ಅದು ಹೊತ್ತಿಕೊಳ್ಳುವಷ್ಟರಲ್ಲಿ ಬೀಸಿ ಬೀಸಿ ನನ್ನ ಕೈ ಬಿದ್ದುಹೋಗುತ್ತದೆ. ಹಿತ್ತಿಲಲ್ಲಿ ಮೆದು ಮರದ ಹಳೆಯ ಪ್ಯಾಕಿಂಗ್ ಪೆಟ್ಟಿಗೆಗಳಿದ್ದವು. ಒಡೆದು, ಡ್ರಮ್ಮಿನಲ್ಲಿ ಮುಚ್ಚಿ ಸುಟ್ಟು, ನಾನೇ ಇದ್ದಿಲು ಮಾಡಿದೆ. ಹಗುರವೆಂದರೆ ಹಗುರ. ಸಂಜೆ ಗಾಡಿಯಲ್ಲಿ ಒಂದೇ ಕಡ್ಡಿಗೆ ಭಗ್ಗೆಂದು ಹೊತ್ತಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಂಜ ಕೋಳಿ ಕಾಲು ತಿರುವಿ ಹಾಕುವಷ್ಟರಲ್ಲಿ ಕೆಂಡ ಬೂದಿ. ಮತ್ತೆ ಸುರಿದ, ಮತ್ತೆ ಬೂದಿ. ಕೋಳಿ ಮೇಲೆ ಕಪ್ಪು, ಒಳಗೆ ಹಸಿ. ಅರೆಬರೆ ಸುಟ್ಟ ಮರದ ತುಂಡುಗಳ ಹೊಗೆ ಕೋಳಿಗಿಂತ ಹೆಚ್ಚಾಗಿ ಸ್ಟೂಲಿನ ಮೇಲೆ ಕೂತಿದ್ದ ಹೆಣ್ಣಿನ ತಂದೆಗೇ ಹಿಡಿಯಿತು.

"ಇದೇನ್ ಇದ್ದಿಲಪ್ಪ? ಯಾರ್ ತಂದಿದ್ದು?" ಕೆಮ್ಮುತ್ತ ಕೇಳಿದರು.

ಮಂಜ ನನ್ನ ಕಡೆ ನೋಡಲಿಲ್ಲ. "ನಾನೇ ಕಣ್ರೀ. ಅಂಗ್ಡೀಲಿ ಮೋಸ ಹೋದೆ."

ಬಾಯಿ ಬಿಡಬೇಕಾದ ನಾನು ಬೀಸಣಿಗೆ ಬೀಸುತ್ತ ನಿಂತೆ. ಅವರು ಕಡ್ಡಿಯಿಂದ ಬೂದಿ ಕೆದಕಿ ಒಂದು ಮೊಳೆ ಹೊರಗೆಳೆದರು.

"ಅಂಗ್ಡಿಯೋನು ಮೊಳೇನೂ ಕೊಟ್ನೇನಪ್ಪ?"

ಇನ್ನು ತಡೆಯಲಾಗಲಿಲ್ಲ. "ನಾನೇ ಸುಟ್ಟಿದ್ದು ಕಣ್ರೀ, ಪೆಟ್ಟಿಗೆ ಮರ. ಅವನದೇನೂ ತಪ್ಪಿಲ್ಲ. ಸಂಬಂಧ ಮಾತ್ರ ಬಿಡಬ್ಯಾಡ್ರಿ."

ಅವರು ನಮ್ಮಿಬ್ಬರನ್ನೂ ನೋಡಿದರು. "ಮಾನ ಹೋಗ್ತಿದ್ರೂ ಅಕ್ಕನ್ನ ಬಿಟ್ಕೊಡ್ಲಿಲ್ವಲ್ಲ ಇವ್ನು. ನಮ್ ಹುಡ್ಗಿಗೂ ಅಡುಗೆ ಅಷ್ಟಕ್ಕಷ್ಟೆ ಕಣಮ್ಮ. ಇಂಥೋನೇ ಸರಿ ಬುಡು." ಆಮೇಲೆ ಸ್ಟೂಲು ಹತ್ತಿರ ಎಳೆದು, ನನ್ನ ಕೈಯಿಂದ ಬೀಸಣಿಗೆ ಕಿತ್ತುಕೊಂಡರು. "ಕೋಳೀನ ತೆಳ್ಳಗೆ ಕುಯ್ಯಪ್ಪ. ಈ ಬೆಂಕಿ ಜಾಸ್ತಿ ಹೊತ್ತು ನಿಲ್ಲಾಕಿಲ್ಲ."

ತೆಳು ತುಂಡುಗಳು ಚೆನ್ನಾಗಿಯೇ ಬೆಂದವು. ಸಂಬಂಧ ಉಳಿದ ಸಮಾಧಾನಕ್ಕೆ ಅಂದು ಹೊಟ್ಟೆ ತುಂಬ ಉಂಡೆ.

ನಿಶ್ಚಿತಾರ್ಥಕ್ಕೆ ಮಂಜ ಎಲ್ಲರಿಗೂ ಕೆಲಸ ಹಂಚಿದ್ದಾನೆ. ನನ್ನದು ಬಾಗಿಲಲ್ಲಿ ಪನ್ನೀರು ಚಿಮುಕಿಸುವುದು. ಒಲೆಗೆ ತೀರ ದೂರದ ಕೆಲಸ ಅದೇ ಅಂತೆ. ಪನ್ನೀರನ್ನು ಮಾತ್ರ ಅವನೇ ತುಂಬಿಸಿ ಕೊಡುತ್ತಾನಂತೆ.