ತುಪ್ಪಟದ ಜೋಡು ಮತ್ತು ಹದಿನೇಳರ ಮಗ್ಗಿ

ಗಂಡನ ಮುಖ ನೋಡಿ ಸುಳ್ಳು ಹಿಡಿಯುವ ಹೆಂಡತಿಯರನ್ನು ನೀವು ಕಂಡಿರುತ್ತೀರಿ. ನನ್ನ ಗಿರಿಜಾ ಮುಖದ ಗೊಡವೆಗೇ ಹೋಗುವುದಿಲ್ಲ, ನೇರ ಕಾಲು ನೋಡುತ್ತಾಳೆ. ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂಬುದು ಹದಿನೈದು ವರ್ಷ ಗುಮಾಸ್ತಿಕೆ ಮಾಡಿದ ನನಗೆ ಚೆನ್ನಾಗಿ ಗೊತ್ತು. ಕಾಲಿಗೆ ಆ ತರಬೇತಿ ಸಿಕ್ಕಿರಲಿಲ್ಲ.

ಹೋದ ವರ್ಷ, ಎಪ್ಪತ್ತೊಂಬತ್ತರಲ್ಲಿ, ನಾವು ಕೂಡ್ಲಿಗಿಯಲ್ಲಿದ್ದೆವು. ಬಾಡಿಗೆ ಮನೆಗೆ ಬಂಡೆಗಲ್ಲಿನ ನೆಲ. ಚಳಿಗಾಲದ ಮುಂಜಾನೆ ಕಾಲಿಟ್ಟರೆ ಕಚ್ಚುತ್ತಿತ್ತು. ನನ್ನ ಹಿಮ್ಮಡಿಯ ಬಿರುಕಿಗೆ ಸಿಕ್ಕಿ ಹಾಸಿಗೆಯ ಚಾದರವೇ ಹರಿಯುತ್ತಿತ್ತು. ಹವಾಯಿ ಚಪ್ಪಲಿಯನ್ನು ಮನೆಯೊಳಗೆ ಮೆಟ್ಟುವಂತಿಲ್ಲ ಎಂಬುದು ಗಿರಿಜಾಳ ಕಾನೂನು. ಹೀಗಿರುವಾಗ ಸಂತೆಗೆ ಕಂಬಳಿ ಮಾರಲು ಬರುತ್ತಿದ್ದ ಗುಡೇಕೋಟೆಯ ಮುದುಕಿ ಮಾಳಮ್ಮ ಒಂದು ದಿನ ನಮ್ಮ ಮನೆಗೆ ಬಂದಳು. ನನಗೊಂದು ಬುದ್ಧಿ ಹೊಳೆಯಿತು. ಹಳೇ ಕಂಬಳಿಯೊಂದನ್ನು ಕತ್ತರಿಸಿ ನನ್ನ ಕಾಲಿಗೊಂದು ಜೋಡು ಹೊಲಿದು ಕೊಡು ಎಂದೆ. ಅವಳು ಕೆನ್ನೆ ಬಡಿದುಕೊಂಡಳು.

"ಏನ್ ಮಾತಾಡ್ತೀರಿ ಸಾಹೇಬ್ರ! ನ್ಯಾಯ ಮಾಡಾಕ ಕುಂತ್ರ ನಮ್ಮೋರು ಕಂಬಳಿ ಹಾಸ್ತಾರ. ಅದರ ಮ್ಯಾಲೆ ನಿಂತೋನು ಸುಳ್ಳು ಹೇಳಂಗಿಲ್ಲ. ಅಂಥಾದ್ನ ಕಾಲಾಗ ಮೆಟ್ಟಾದಾ?"

ನನ್ನ ಮುಖ ಬಾಡಿದ್ದು ನೋಡಿ ಅವಳಿಗೇ ಕರುಣೆ ಬಂತು. ನೇಯ್ದರೆ ತಾನೇ ಕಂಬಳಿ, ನೇಯದ ತುಪ್ಪಟ ಬರೀ ಕುರಿಗೂದಲು ಎಂದು ತಾನೇ ಒಂದು ದಾರಿ ತೆಗೆದಳು. ಅವಳ ಅತ್ತೆ ತುಪ್ಪಟಕ್ಕೆ ಬಿಸಿನೀರು, ಅಂಟುವಾಳದ ನೊರೆ ಹಾಕಿ, ತಿಕ್ಕಿ ತಿಕ್ಕಿ ಬಡಿದು, ನೂಲಿನ ಹಂಗಿಲ್ಲದೆ ದಪ್ಪನೆಯ ಮೆತ್ತೆ ಮಾಡುತ್ತಿದ್ದಳಂತೆ. ಯಾತಕ್ಕೆ ಎಂದು ಕೇಳಿದೆ.

"ಹೊರಿ ಹೊರೋ ಕತ್ತಿ ಬೆನ್ನಿಗೆ ಹಾಕಾಕ್ರಿ. ಅದಕ್ಕ ಒಗ್ಗೇತಿ, ನಿಮಗೂ ಒಗ್ಗತೈತಿ."

ಕತ್ತೆಗೂ ನನಗೂ ಅವಳು ಇಷ್ಟು ಸಲೀಸಾಗಿ ಸಂಬಂಧ ಕಟ್ಟಿದ್ದು ಗಿರಿಜಾಳಿಗೆ ಬಹಳ ಹಿಡಿಸಿತು. ವಾರಗಟ್ಟಲೆ ನೆನೆಸಿಕೊಂಡು ನಕ್ಕಳು.

ಎರಡು ಸಂತೆ ಕಳೆದ ಮೇಲೆ ಜೋಡು ಬಂತು. ಕಪ್ಪು ಬಣ್ಣ, ಮೊಂಡು ಮೂತಿ. ಬಾಗಿಲ ಬಳಿ ಬಿಟ್ಟರೆ ಎರಡು ಕುರಿಮರಿ ಮಲಗಿದಂತೆ ಕಾಣುತ್ತಿತ್ತು. ಕಾಲು ತೂರಿಸಿದೆ. ಸ್ವರ್ಗ! ಮಾಳಮ್ಮ ಹೊರಡುವಾಗ ಗಿರಿಜಾಳ ಕಿವಿಯಲ್ಲಿ, ನನಗೂ ಕೇಳುವಷ್ಟು ಗಟ್ಟಿಯಾಗಿ, ಹೇಳಿದಳು: "ನೇಯ್ದಿಲ್ಲ ಖರೆ, ಆದ್ರ ಇದೂ ಅದೇ ಕುರಿದು. ಮೆಟ್ಟಿಗೆಂಡು ಸುಳ್ಳು ಹೇಳಿದ್ರ ಕಾಲು ತುರಿಸತೈತಿ ನೋಡವ್ವಾ."

ಇಲ್ಲಿ ನನ್ನದೊಂದು ಗುಟ್ಟು ಹೇಳಬೇಕು. ಗಿರಿಜಾಳ ತವರು ಹರಪನಹಳ್ಳಿ. ಅಲ್ಲಿಗೆ ವರ್ಗ ಮಾಡಿಸಿಕೊಳ್ಳಿ ಎಂದು ಅವಳು ಎರಡು ವರ್ಷದಿಂದ ಹೇಳುತ್ತಿದ್ದಳು. ಅರ್ಜಿ ಕೊಟ್ಟಿದ್ದೇನೆ ಎಂದು ನಾನೂ ಎರಡು ವರ್ಷದಿಂದ ಹೇಳುತ್ತಿದ್ದೆ. ಕೊಟ್ಟಿರಲಿಲ್ಲ. ಹರಪನಹಳ್ಳಿಯಲ್ಲಿ ನನ್ನ ಮಾವ ಇದ್ದರು, ನಿವೃತ್ತ ಹೆಡ್‌ಮಾಸ್ತರರು. ನಮ್ಮ ಮದುವೆಯ ಪಂಕ್ತಿಯಲ್ಲಿ, ಹೋಳಿಗೆ ಬಾಯಲ್ಲಿರುವಾಗಲೇ, ನನಗೆ ಹದಿನೇಳರ ಮಗ್ಗಿ ಕೇಳಿದ ಮಹಾನುಭಾವರು. ಹದಿನೇಳೇಳರ ಹತ್ತಿರ ನಾನು ತಪ್ಪಿದ್ದೆ. ಅವರು ಅದನ್ನಿನ್ನೂ ಮರೆತಿರಲಿಲ್ಲ.

ಮರುದಿನ ಮುಂಜಾನೆ ಗಿರಿಜಾ ಚಹಾ ಕೊಟ್ಟು ಎದುರಿಗೇ ಕೂತಳು.

"ರೀ, ವರ್ಗದ ಅರ್ಜಿ ಏನಾತ್ರಿ?"

"ಮ್ಯಾಲೆ ಹೋಗೈತಿ. ಇವತ್ತೋ ನಾಳೆನೋ ಬರತೈತಿ" ಎಂದೆ, ಎಂದಿನ ಮುಖದಲ್ಲೇ.

ಬಲಗಾಲು ತುರಿಸಿತು. ಹೊಸ ತುಪ್ಪಟ ಯಾರ ಕಾಲಿಗಾದರೂ ತುರಿಸುತ್ತದೆ, ಅದು ಅದರ ಗುಣ. ಆ ಕ್ಷಣಕ್ಕೆ ಈ ವಿಜ್ಞಾನ ನನಗೆ ಹೊಳೆಯಲಿಲ್ಲ. ಕಾಲನ್ನು ಮೆಲ್ಲಗೆ ಹೊರಗೆಳೆದು ನೆಲದ ಮೇಲಿಟ್ಟೆ. ಅವಳು ನೋಡಿಬಿಟ್ಟಳು.

"ಒಳಗ ಇಟ್ಟು ಹೇಳ್ರಿ."

ಒಳಗಿಟ್ಟೆ. ಕೊಟ್ಟೇ ಇಲ್ಲ ಎಂದು ಒಪ್ಪಿಕೊಂಡೆ. "ಎರಡು ವರ್ಸದಿಂದ ಅಪ್ಪಗ ಕಾಗದ ಬರೀತೀನಿ, ಇನ್ನೇನು ಬಂದುಬಿಡ್ತೀವಿ ಅಂತ" ಎಂದು ಅವಳು ಕಣ್ಣೊರೆಸಿಕೊಂಡಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅಂದೇ ಅರ್ಜಿ ಬರೆದುಕೊಟ್ಟೆ. ಎರಡು ವರ್ಷ ಬಾರದ ವರ್ಗ ಮೂರೇ ತಿಂಗಳಲ್ಲಿ ಬಂತು.

ಈಗ ಹರಪನಹಳ್ಳಿಯಲ್ಲಿ ಮಾವನ ಮನೆಯ ಎದುರಿಗೇ ನಮ್ಮ ಮನೆ. ಸಂಜೆಯಾದರೆ ಮಾವ ಬಂದು ಕೂತು, "ಎಲ್ಲಿ, ಹದಿನೇಳರದು ಹೇಳ್ರಿ ನೋಡಾನ, ಅಳಿಯಂದ್ರೆ" ಎನ್ನುತ್ತಾರೆ. ಅವರು ಎದ್ದು ಹೋದ ಮೇಲೆ ಗಿರಿಜಾ, "ಇಲ್ಲಿಗೆ ಬಂದಿದ್ದು ಚಲೋ ಆತಲ್ರಿ?" ಎಂದು ಕೇಳುತ್ತಾಳೆ. ಕೇಳುವುದಷ್ಟೇ ಅಲ್ಲ, ಜೋಡನ್ನು ತಂದು ನನ್ನ ಕಾಲ ಮುಂದೆ ಇಡುತ್ತಾಳೆ.

"ನೆಲ ತಣ್ಣಗೈತಿ. ಮೆಟ್ಟಿಗೆಂಡು ಹೇಳ್ರಿ."

ನಾನು ಕಾಲು ಮಡಚಿ ಮಂಚದ ಮೇಲೆ ಕೂತು, "ತಡಿ, ಮಗ್ಗಿ ಬಾಯಿಪಾಠ ಮಾಡೋದೈತಿ" ಎನ್ನುತ್ತೇನೆ.